ಹೈಪಿಸಿ ಕೊನೆಗೂ ದಾರಿಗೆ ಬಂತು

ಕ್ರ್ಯಾಶ್ ಆದ ವಿಳಾಸ ಕೊಟ್ಟರೆ ಫಂಕ್ಷನ್ ಹೆಸರು ಹೇಳುವ ನನ್ನ ಟೂಲ್ ನಿನ್ನೆ ರಾತ್ರಿ ಮೊದಲ ಸಲ ಪೂರ್ತಿ ಸರಿಯಾದ ಪಟ್ಟಿ ಮುದ್ರಿಸಿತು. ಲಿಬ್‌ಡ್ವಾರ್ಫ್‌ನಲ್ಲಿ (ಕಂಪೈಲರ್ ಬರೆದಿಡುವ ‘ಡ್ವಾರ್ಫ್’ ಎಂಬ ಡೀಬಗ್ ಮಾಹಿತಿಯನ್ನು ಓದುವ ಲೈಬ್ರರಿ) ಫೈಲ್ ತೆರೆಯುವುದು, ಕಂಪೈಲೇಶನ್ ಯೂನಿಟ್‌ಗಳನ್ನು (ಒಂದೊಂದು ಸೋರ್ಸ್ ಫೈಲ್‌ನ ಭಾಗಗಳನ್ನು) ಸುತ್ತುವುದು, ಡಿಐಇ (ಫಂಕ್ಷನ್‌ನಂಥ ಒಂದೊಂದು ಅಂಶದ ನಮೂದು) ಮರ ಇಳಿಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ಇಷ್ಟು ದಿನ ಕಾಡಿದ್ದು ಫಂಕ್ಷನ್ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು (ಹೈಪಿಸಿ) ಕೇಳುವ ಒಂದೇ ಕರೆ: ಡ್ವಾರ್ಫ್_ಹೈಪಿಸಿ_ಬಿ.

ಬೋರ್ಡ್ ಜೊತೆ ಬಂದ ಸ್ಟ್ಯಾಟಿಕ್ ಲೈಬ್ರರಿಯ ಫಂಕ್ಷನ್‌ಗಳು ಸರಿಯಾಗಿ ಕಾಣುತ್ತಿದ್ದವು. ನಾನು ಬರೆದವು ಮಾತ್ರ ತಪ್ಪಾಗಿದ್ದವು: ಒಂದು ಹೆಕ್ಸ್ 401140ಕ್ಕೆ ಶುರುವಾಗಿ ಹೆಕ್ಸ್ 36ಕ್ಕೆ ಮುಗಿಯುತ್ತಿತ್ತು! ಶುರುವಿಗಿಂತ ಮೊದಲೇ ಕೊನೆ. ಎರಡೂ ಒಂದೇ ಎಕ್ಸಿಕ್ಯೂಟಬಲ್‌ನಲ್ಲಿವೆ, ಆದರೆ ಲೈಬ್ರರಿಯದು ಡ್ವಾರ್ಫ್ ಆವೃತ್ತಿ 2, ನನ್ನದು ಆವೃತ್ತಿ 5.

2010ರಲ್ಲಿ ಬಂದ ಡ್ವಾರ್ಫ್ 4ರಿಂದ ಹೈಪಿಸಿ ವಿಳಾಸವೇ ಆಗಿರಬೇಕಿಲ್ಲ, ಲೋಪಿಸಿಯಿಂದ (ಫಂಕ್ಷನ್ ಶುರುವಾಗುವ ವಿಳಾಸ) ಎಷ್ಟು ದೂರ ಅನ್ನುವ ಸಂಖ್ಯೆಯೂ ಆಗಬಹುದು. 36 ಅಂದರೆ ಉದ್ದ. ನಿಜವಾದ ಕೊನೆ 401176. ಉದ್ದ ಸಾಮಾನ್ಯವಾಗಿ ಅಸೆಂಬ್ಲರ್‌ಗೇ ಗೊತ್ತಿರುವುದರಿಂದ ಪ್ರತಿ ಫಂಕ್ಷನ್‌ಗೂ ಒಂದು ರೀಲೊಕೇಶನ್ (ಲಿಂಕರ್ ಆಮೇಲೆ ವಿಳಾಸ ತುಂಬಬೇಕಾದ ಜಾಗ) ಉಳಿತಾಯವಾಗುತ್ತದೆ. ಒಳ್ಳೆಯ ಬದಲಾವಣೆ. ಹೆಸರಿನ ಕೊನೆಗೆ ‘ಬಿ’ ಇಲ್ಲದ ಹಳೆಯ ಕರೆಯಲ್ಲಿ ಇದನ್ನು ತಿಳಿಸಲು ಜಾಗವೇ ಇರಲಿಲ್ಲ. ‘ಬಿ’ ಇರುವುದು ಫಾರ್ಮ್ (ಆ ಸಂಖ್ಯೆಯನ್ನು ಬರೆದಿಟ್ಟ ರೂಪ) ಮತ್ತು ಫಾರ್ಮ್ ಕ್ಲಾಸ್ (ಅದು ಯಾವ ಬಗೆಯದು) ಎರಡನ್ನೂ ಕೊಡುತ್ತದೆ. ಕ್ಲಾಸ್ ಕಾನ್ಸ್ಟೆಂಟ್ ಆಗಿದ್ದರೆ ಲೋಪಿಸಿ ಕೂಡಿಸಿ, ಅಡ್ರೆಸ್ ಆಗಿದ್ದರೆ ಹಾಗೇ ಬಳಸಿ. ಆವೃತ್ತಿ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, 4 ಮತ್ತು 5ರಲ್ಲಿ ಎರಡು ಬಗೆಯೂ ಬರಬಹುದು.

ಡ್ವಾರ್ಫ್ 2 ಬಂದದ್ದು 1993ರಲ್ಲಿ, ಆ ಲೈಬ್ರರಿಯಲ್ಲಿ ಇರುವುದು ಅಷ್ಟು ಹಳೆಯದು. ಸೋರ್ಸ್ ಕೊಡದೆ ಬರೀ ಆರ್ಕೈವ್ ಫೈಲ್ ಕೈಗಿಡುವ ಪೂರೈಕೆದಾರರು ಯಾವ ಕಂಪೈಲರ್, ಯಾವ ಫ್ಲ್ಯಾಗ್ ಅಂತ ಒಂದು ಸಾಲಾದರೂ ಬರೆದಿಡಬೇಕು. ಇದು ದೊಡ್ಡ ಬೇಡಿಕೆಯಲ್ಲ.

ಈ ಮರ ಸುತ್ತುವಾಗಲೇ ಮುಂದಿನ ಕೆಲಸವೂ ಕಣ್ಣಿಗೆ ಬಿತ್ತು. ಇನ್‌ಲೈನ್ ಆದ ಫಂಕ್ಷನ್‌ಗಳಿಗೆ ಅವುಗಳದೇ ಡಿಐಇ ಇದೆ, ಎಲ್ಲಿಂದ ಕರೆದದ್ದು ಅನ್ನುವ ಫೈಲು, ಸಾಲು ಕೂಡ ಅದರಲ್ಲೇ ಇದೆ. ಆಪ್ಟಿಮೈಸರ್ ಅಳಿಸಿಹಾಕಿದ ಕರೆಗಳ ಸರಣಿಯನ್ನು ಮತ್ತೆ ಕಟ್ಟಬಹುದು! ಅದಕ್ಕೆ ಹೊಸ ಟೂಲನ್ನೇ ಬರೆಯುತ್ತೇನೆ.

ಇನ್ನೊಂದು ಮಾತು. ಹೈಪಿಸಿ ಅಂದರೆ ಫಂಕ್ಷನ್ ಮುಗಿದ ಮೇಲಿನ ಮೊದಲ ವಿಳಾಸ, ಅದು ಒಳಗೆ ಸೇರುವುದಿಲ್ಲ. ಫಂಕ್ಷನ್‌ನ ಕಟ್ಟಕಡೆಯ ಇನ್‌ಸ್ಟ್ರಕ್ಷನ್ ಅಬಾರ್ಟ್ (ಪ್ರೋಗ್ರಾಂ ನಿಲ್ಲಿಸುವ) ಕರೆಯಾಗಿದ್ದರೆ ರಿಟರ್ನ್ ಅಡ್ರೆಸ್ (ಕರೆ ಮುಗಿದ ಮೇಲೆ ಮರಳಬೇಕಾದ ವಿಳಾಸ) ಸರಿಯಾಗಿ ಅಲ್ಲಿಗೇ ಬೀಳುತ್ತದೆ, ಪಕ್ಕದ ಫಂಕ್ಷನ್‌ನ ಹೆಸರು ಬರಬಹುದು. ಹಾಗಾಗಿ ರಿಟರ್ನ್ ಅಡ್ರೆಸ್‌ನಿಂದ ಒಂದು ಕಳೆದು ಹುಡುಕಬೇಕು. ಸಿಗ್ನಲ್ ಬಂದ ಜಾಗದ ಪಿಸಿಗೆ (ಆಗಿನ ಇನ್‌ಸ್ಟ್ರಕ್ಷನ್‌ನ ವಿಳಾಸ) ಮಾತ್ರ ಕಳೆಯಬಾರದು.

ಬಾಕಿ ಇರುವುದು ಎರಡು ತುಂಡಾದ ಫಂಕ್ಷನ್‌ಗಳು. ಜಿಸಿಸಿ ಕಂಪೈಲರ್ ಓ2 ಆಪ್ಟಿಮೈಸೇಶನ್ ಮಟ್ಟದಲ್ಲಿ ಅಪರೂಪದ ಕವಲನ್ನು ಬೇರೆ ಕಡೆ ಇಟ್ಟಾಗ ಆ ಡಿಐಇಯಲ್ಲಿ ಹೈಪಿಸಿಯೇ ಇರುವುದಿಲ್ಲ, ಕರೆ ‘ನೋ ಎಂಟ್ರಿ’ ಹೇಳುತ್ತದೆ. ಅದು ದೋಷವಲ್ಲ, ರೇಂಜಸ್ (ತುಂಡುಗಳ ವಿಳಾಸಗಳ ಪಟ್ಟಿ) ನೋಡು ಅಂತ ಸೂಚನೆ. ಡ್ವಾರ್ಫ್ 5ರಲ್ಲಿ ಅದು ಡೀಬಗ್_ಆರ್‌ಎನ್‌ಜಿಲಿಸ್ಟ್ಸ್ ಸೆಕ್ಷನ್, 3 ಮತ್ತು 4ರಲ್ಲಿ ಡೀಬಗ್_ರೇಂಜಸ್. ಹೊಸದರಿಂದ ಶುರು ಮಾಡುತ್ತಿದ್ದೇನೆ.