ಎರರ್ ಡಬ್ಬಿ: ಮೂರನೇ ವಾರದ ಲೆಕ್ಕ

‘ಟಂಕಸಾಲೆಯ ತಪ್ಪು’ ಅಂತ ನಾನು ವರ್ಷಗಳಿಂದ ಎತ್ತಿಟ್ಟ ನಾಣ್ಯಗಳು ಒಟ್ಟು 41. ಈವರೆಗೆ 26 ನೋಡಿ ಮುಗಿಸಿದೆ. ಅದರಲ್ಲಿ ನಿಜವಾದ ತಪ್ಪು ಅಂತ ಡಬ್ಬಿಯಲ್ಲಿ ಉಳಿದದ್ದು ಬರೀ 3. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಔಟಾದದ್ದು ನನ್ನ ಮುದ್ದಿನ ಹತ್ತು ರೂಪಾಯಿ. ಅದರಲ್ಲಿ ನಡುವಿನ ಸಿಂಹ ವಾಲಿಕೊಂಡಿದೆ, ಹೊರಬಳೆಯ ‘ಭಾರತ್’, ‘ಇಂಡಿಯಾ’ ಮಾತ್ರ ನೆಟ್ಟಗಿವೆ. ಎಂಥಾ ಅಪರೂಪ ಅಂತ ಬೀಗಿದ್ದೆ! ಆದರೆ ಬಳೆ, ಬಿಲ್ಲೆ ಎರಡನ್ನೂ ಸೇರಿಸಿಟ್ಟು ಅಚ್ಚು ಹೊಡೆಯೋದು ಒಂದೇ ಏಟಿಗೆ. ಹಾಗಿದ್ದ ಮೇಲೆ ಒಂದು ವಾಲಿ ಇನ್ನೊಂದು ನೆಟ್ಟಗಿರೋದು ಹೇಗೆ? ಯಾರೋ ಬಿಲ್ಲೆ ಕಿತ್ತು ಮತ್ತೆ ಕೂರಿಸಿದ್ದಾರೆ. ಭೂತಗನ್ನಡಿಯಲ್ಲಿ ಸಂದಿನ ಸುತ್ತ ಗೀರುಗಳೂ ಕಂಡವು. ಅಮ್ಮ, “ದೇವರ ಹುಂಡಿಗೆ ಹಾಕೋ, ಅವನು ಕೇಳಲ್ಲ” ಅಂದರು.

ಐದು ರೂಪಾಯಿಯದ್ದು ಇನ್ನೂ ನೋವು, ಅದಕ್ಕೆ ಮೇಳವೊಂದರಲ್ಲಿ 400 ರೂಪಾಯಿ ಕೊಟ್ಟಿದ್ದೆ. ಒಂದು ಮುಖದಲ್ಲಿ ‘5’ ತಿರುವುಮುರುವಾಗಿ ಒಳಗಿಳಿದಿದೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಖಾಲಿ ಬಿಲ್ಲೆಯನ್ನು ಒತ್ತಿದರೆ ಹೀಗಾಗುತ್ತದೆ, ಅದೇ ಬ್ರೋಕೇಜ್. ಆದರೆ ಆಗ ಆ ಮುಖಕ್ಕೆ ತನ್ನದೇ ಉಬ್ಬುಚಿತ್ರ ಬೀಳುವುದೇ ಇಲ್ಲ. ನನ್ನದರಲ್ಲಿ ಉಲ್ಟಾ ‘5’ರ ಕೆಳಗೆ ಹಳೆಯ ಚಿತ್ರ ಚಪ್ಪಟೆಯಾಗಿ ಮಲಗಿದೆ. ಎರಡು ನಾಣ್ಯ ಜೋಡಿಸಿ ವೈಸ್‌ಗೆ (ಬಿಗಿಯುವ ಇಕ್ಕಳಕ್ಕೆ) ಹಾಕಿ ತಿರುಗಿಸಿದ್ದಾರೆ ಅಷ್ಟೇ.

ಈಗ ಖುಷಿಯ ಸುದ್ದಿ. ಹಳೆಯ ಸ್ಟೀಲ್ ಒಂದು ರೂಪಾಯಿ, ಅಂಚಿನಲ್ಲಿ ಕಚ್ಚಿದ ಹಾಗೆ ಅರ್ಧಚಂದ್ರ. ಯಾರೋ ಅರದಿಂದ ಉಜ್ಜಿದ್ದಾರೆ ಅಂತ ಅದನ್ನು ಸುಮ್ನೆ ತಳಕ್ಕೆ ಹಾಕಿದ್ದೆ. ತೂಕ ಇರಬೇಕಾದ್ದು 4.85 ಗ್ರಾಂ, ಇದು 4.5. ಕಡಿಮೆ ತೂಕ ಉಜ್ಜಿದರೂ ಬರುತ್ತದೆ ಬಿಡಿ. ನಂಬಿಕೆ ಬಂದದ್ದು ಎದುರಿನ ಅಂಚು ನೋಡಿದ ಮೇಲೆ. ಕಚ್ಚಿನ ನೇರ ಆಚೆ ಬದಿಯಲ್ಲೂ ದಿಂಡು, ಅಂದರೆ ಅಂಚಿನ ಉಬ್ಬು, ಸವೆದ ಹಾಗೆ ಮಂಕಾಗಿದೆ!

ದೊಡ್ಡದಾಗಿ ಲಟ್ಟಿಸಿ ಮುಚ್ಚಳದಲ್ಲಿ ಪೂರಿ ಕತ್ತರಿಸುವಾಗ, ಮುಚ್ಚಳ ಹಳೆ ತೂತಿನ ಮೇಲೆ ಹತ್ತಿದರೆ ಪೂರಿಗೆ ಕಚ್ಚು ಬೀಳುತ್ತದಲ್ವಾ? ನಾಣ್ಯದ ಬಿಲ್ಲೆ ಕತ್ತರಿಸುವ ಲೋಹದ ಪಟ್ಟಿಯಲ್ಲೂ ಅದೇ ಕಥೆ. ಆಮೇಲೆ ಅಂಚಿಗೆ ದಿಂಡು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡೂ ಬದಿಯಿಂದ ಒತ್ತುತ್ತದೆ. ಕಚ್ಚಿದ ಕಡೆ ಆಸರೆ ಸಿಗದೆ ಎದುರು ಬದಿಗೂ ಒತ್ತಡ ಬೀಳುವುದಿಲ್ಲ. ಅರ ಹಿಡಿದವನಿಗೆ ಇದನ್ನು ಮಾಡೋದು ಹೊಳೆಯುವುದೂ ಕಷ್ಟ. ಕಚ್ಚಿನ ಪಕ್ಕದ ಅಕ್ಷರಗಳೂ ಕತ್ತರಿಸಿದಂತಿಲ್ಲ, ಅಂಚಿನತ್ತ ಜಾರಿ ತೆಳುವಾಗಿವೆ.

ಇನ್ನು 15 ಬಾಕಿ. ಅದರಲ್ಲಿ ಏಳು, ಅಕ್ಷರ ಜೋಡಿಯಾಗಿ ಕಾಣುವ ಎರಡು ರೂಪಾಯಿಗಳು. ಒಂದನ್ನು ಇಣುಕಿದೆ: ಎರಡನೇ ಗೆರೆ ದುಂಡಗಿಲ್ಲ, ಮೆಟ್ಟಿಲಿನ ಹಾಗೆ ಚಪ್ಪಟೆ. ಅಂದರೆ ಅಚ್ಚಿನಲ್ಲೇ ಅಕ್ಷರ ಜೋಡಿಯಾಗಿ ಮೂಡಿದ್ದಲ್ಲ, ಹೊಡೆಯುವಾಗ ಅಚ್ಚು ಅಲುಗಾಡಿದ್ದು. ಉಳಿದ ಆರಕ್ಕೆ ಮೊದಲು ಟೇಬಲ್ ಲ್ಯಾಂಪಿನ ಬಲ್ಬ್ ಬದಲಿಸಬೇಕು.