ಜೋಡಿ ಸಿಗದ ಪೈಲ್ವಾನ

2012ರ ಡಿಸೆಂಬರ್ 24, ಸೋಮವಾರ. ಬ್ಯಾಂಕಾಕಿನ ರಾಜದಮ್ನೆರ್ನ್ ಕ್ರೀಡಾಂಗಣದ ಟಿಕೆಟ್ ಕಿಟಕಿಯ ಮುಂದೆ ಸಂಜೆ ಐದೂವರೆಗೇ ಹೋಗಿ ನಿಂತಿದ್ದೆ. ಆ ರಾತ್ರಿ ಯಾರು ಯಾರ ಮೇಲೆ ಕಾದಾಡುತ್ತಾರೆ ಅನ್ನುವುದು ನನಗೆ ಗೊತ್ತಿರಲೇ ಇಲ್ಲ. ಬೇಕಿದ್ದದ್ದು ಆ ತಾರೀಖು, ಆ ಜಾಗ. ಸರಿಯಾಗಿ ಮೂವತ್ತು ವರ್ಷದ ಹಿಂದೆ, 1982ರ ಇದೇ ದಿನ, ಇದೇ ಸೂರಿನಡಿ ಡೀಸೆಲ್‌ನೊಯ್ ಮತ್ತು ಸಾಮಾತ್ ಎಂಬ ಇಬ್ಬರು ಮುಯ್ ಥಾಯ್ ಕಾಳಗಗಾರರು ಎದುರುಬದುರಾಗಿದ್ದರು. ಮುಯ್ ಥಾಯ್ ಅಂದರೆ ಮುಷ್ಟಿ, ಮೊಣಕೈ, ಮೊಣಕಾಲು, ಪಾದ ಎಲ್ಲದರಿಂದಲೂ ಹೊಡೆಯುವ ಥಾಯ್ ಕಾಳಗ. ಆ ಕಾಳಗದ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದು ನಡೆದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಜೊತೆಗೆ ನನ್ನ ಕ್ರೂ ಬಂದಿದ್ದರು. ಥಾಯ್ ಭಾಷೆಯಲ್ಲಿ ಕ್ರೂ ಅಂದರೆ ಕಲಿಸುವವರು. ನಮ್ಮ ‘ಗುರು’ವೇ ಅಲ್ಲಿಗೆ ಹೋಗಿ ಮೊಟಕಾಗಿದೆ.

ಕೆಲಸದ ಮೇಲೆ ಆ ಊರಿಗೆ ಹೋಗಿ ಆಗ ಒಂದೂವರೆ ವರ್ಷವಾಗಿತ್ತು. ನಾನಿದ್ದ ಮನೆಯ ಹತ್ತಿರ, ಮೇಲ್ಸೇತುವೆಯ ಮಗ್ಗುಲಲ್ಲಿ, ತಗಡಿನ ಚಾವಣಿಯ ಒಂದು ಮುಯ್ ಥಾಯ್ ಶಾಲೆ. ಒಂದು ಸಂಜೆ ಅದರ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿದ ವಾಸನೆ ಕಾಲು ಹಿಡಿದು ನಿಲ್ಲಿಸಿತು. ಬೆವರು, ಹಳೇ ಚರ್ಮ, ಮೈಗೆ ತಿಕ್ಕುವ ಎಣ್ಣೆ. ಚಿಕ್ಕಂದಿನಲ್ಲಿ ಅಪ್ಪನ ಬೆರಳು ಹಿಡಿದು ಗರಡಿಗೆ ಹೋಗುತ್ತಿದ್ದ ದಿನಗಳ ವಾಸನೆ ಅದು. ಗರಡಿಯ ಕೆಮ್ಮಣ್ಣು ಇಲ್ಲಿರಲಿಲ್ಲ, ಎಣ್ಣೆಗೆ ಮೆಂಥಾಲಿನ ಘಾಟು ಬೇರೆ. ಆದರೂ ಮೈ ಗುರುತು ಹಿಡಿದುಬಿಟ್ಟಿತು. ಮಾರನೇ ದಿನವೇ ಹೋಗಿ ಸೇರಿಕೊಂಡೆ.

ಆ ಶಾಲೆಯ ಗೋಡೆಗೆ ಯಾವುದೋ ಹಳೇ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರವೊಂದಿತ್ತು. ತೆಳ್ಳಗೆ, ಉದ್ದಕ್ಕೆ, ಅಡಿಕೆ ಮರದ ಹಾಗಿರುವ ಹುಡುಗ. ಎದುರಾಳಿಯ ಕತ್ತಿನ ಹಿಂದೆ ಎರಡೂ ಕೈ ಕೂಡಿಸಿ ಅವನ ತಲೆಯನ್ನು ಕೆಳಗೆ ಜಗ್ಗುತ್ತಿದ್ದಾನೆ, ಮೊಣಕಾಲು ಎದೆಯ ಮಟ್ಟಕ್ಕೆ ಏರಿದೆ. ಯಾರಿದು ಅಂತ ಕೇಳಿದ್ದಕ್ಕೆ ಕ್ರೂ ಮೊದಲು ಆ ಚಿತ್ರಕ್ಕೆ ಕೈ ಮುಗಿದು, ಆಮೇಲೆ ಹೆಸರು ಹೇಳಿದರು. ಡೀಸೆಲ್‌ನೊಯ್ ಚೋರ್ ತನಸುಕಾನ್. ‘ನೊಯ್’ ಅಂದರೆ ಪುಟ್ಟ. ಪುಟ್ಟ ಡೀಸೆಲ್! ಹೆಸರಿನ ಉಳಿದ ಭಾಗ ಅವನ ಶಾಲೆಯದು. ಥಾಯ್ ಕಾಳಗಗಾರರು ಮನೆತನದ ಹೆಸರು ಬಿಟ್ಟು ತಮ್ಮನ್ನು ಸಾಕಿದ ಶಾಲೆಯ ಹೆಸರನ್ನೇ ಹೊತ್ತು ರಿಂಗಿಗೆ ಇಳಿಯುತ್ತಾರೆ. ಅವನ ಎತ್ತರ 188 ಸೆಂಟಿಮೀಟರ್, ಆರಡಿ ಎರಡಿಂಚು. ಕಾದಾಡುತ್ತಿದ್ದ ಲೈಟ್‌ವೇಟ್ ವರ್ಗದ ತೂಕದ ಮಿತಿ 135 ಪೌಂಡ್, ಅಂದರೆ ಸುಮಾರು 61 ಕಿಲೋ. ಅಷ್ಟೆತ್ತರದ ದೇಹವನ್ನು ಅಷ್ಟು ಹಗುರ ಇಟ್ಟುಕೊಂಡರೆ ಉಳಿಯುವುದು ಎಲುಬು, ನರ ಮತ್ತು ಮೊಣಕಾಲು. ಥಾಯ್ ಜನ ಅವನಿಗೆ ಇಟ್ಟ ಬಿರುದು ‘ಖುನ್ ಖಾವ್ ತಲು ಫಾ’: ಆಕಾಶಕ್ಕೇ ತೂತು ಕೊರೆಯುವ ಮೊಣಕಾಲಿನ ಒಡೆಯ.

ಆ ಮೊಣಕಾಲೇಟು ಏನು ಅನ್ನುವುದನ್ನು ಕ್ರೂ ನನಗೆ ಬಾಯಲ್ಲಿ ಹೇಳಿಕೊಡಲಿಲ್ಲ. ಕತ್ತು ಹಿಡಿದು ತೋರಿಸಿದರು. ದೂರದಿಂದ ನೋಡುವವರಿಗೆ ಇಬ್ಬರು ತಬ್ಬಿಕೊಂಡು ತೂಗಾಡಿದಂತೆ ಕಾಣುತ್ತದೆ. ಒಳಗೆ ಸಿಕ್ಕವನಿಗೇ ಗೊತ್ತು. ಅವರ ಎರಡೂ ಮೊಣಕೈ ನನ್ನ ಎದೆಗೆ ಬೆಣೆಯಂತೆ ಒತ್ತಿರುತ್ತಿದ್ದವು. ಬೆನ್ನು ಬಾಗಿಸಿದೆನೋ ಸತ್ತೆ, ತಲೆ ಬಗ್ಗಿದಷ್ಟೂ ಅವರ ಮೊಣಕಾಲಿಗೆ ದಾರಿ ಹತ್ತಿರ. ಒಂದು ಸಲ ಕಾಲಿನ ಬಲದಿಂದ ಗುದ್ದಲು ಹೋದೆ, ಅವರು ನಿಲ್ಲಿಸಿ ನನ್ನ ಸೊಂಟಕ್ಕೆ ಅಂಗೈಯಿಂದ ತಟ್ಟಿದರು. ಏಟು ಹುಟ್ಟುವುದು ಇಲ್ಲಿ. ನಿಂತ ಕಾಲಿನ ತುದಿಬೆರಳ ಮೇಲೆ ಏಳಬೇಕು, ಸೊಂಟವನ್ನು ಮುಂದೆ ದೂಡಬೇಕು, ಮೊಣಕಾಲು ಬರೀ ಅದರ ಹಿಂದೆ ಬರುತ್ತದೆ. ಅವರು ಅರ್ಧ ಬಲದಲ್ಲಿ ಕೊಟ್ಟ ಒಂದೇ ಏಟಿಗೆ ನಾಲ್ಕು ದಿನ ಎಡಮಗ್ಗುಲಾಗಿ ಮಲಗಲು ಆಗಿರಲಿಲ್ಲ. ಆ ನಾಲ್ಕು ರಾತ್ರಿ ನಾನು ಡೀಸೆಲ್‌ನೊಯ್‌ನ ಹಳೇ ವಿಡಿಯೋಗಳನ್ನು ಹುಡುಕಿ ಹುಡುಕಿ ನೋಡಿದೆ.

ಸರಿ, ಆ ಸೋಮವಾರಕ್ಕೆ ಬರುತ್ತೇನೆ. ರಾಜದಮ್ನೆರ್ನ್ 1945ರಲ್ಲಿ ಶುರುವಾದ ಕ್ರೀಡಾಂಗಣ. ರಿಂಗಿನ ಪಕ್ಕದ ಕುರ್ಚಿಗಳಲ್ಲಿ ಪ್ರವಾಸಿಗರು, ಮೇಲೆ ಸಿಮೆಂಟಿನ ಮೆಟ್ಟಿಲುಗಳಲ್ಲಿ ಊರಿನವರು. ಕ್ರೂ ನನ್ನನ್ನು ಮೇಲಕ್ಕೇ ಕರೆದೊಯ್ದರು. “ಕಾಳಗ ಕೆಳಗೆ ಕಾಣುತ್ತೆ, ಅರ್ಥ ಆಗೋದು ಇಲ್ಲಿಂದ” ಅಂದರು.

ಮೊದಲ ಜೋಡಿ ಇನ್ನೂ ಹದಿನಾಲ್ಕು ಹದಿನೈದರ ಮಕ್ಕಳದು. ಇಬ್ಬರ ತಲೆಗೂ ‘ಮೊಂಗ್‌ಕೋನ್’ ಎಂಬ ನೂಲಿನ ಪಟ್ಟಿ. ಅದು ನಮ್ಮ ‘ಮಂಗಲ’ ಶಬ್ದವೇ. ರಿಂಗಿನ ನಾಲ್ಕೂ ಮೂಲೆ ಮುಟ್ಟಿ, ಮಂಡಿಯೂರಿ, ಮೂರು ಸಲ ಬಾಗಿ ಗುರುವಂದನೆಯ ಕುಣಿತ ಮಾಡಿದರು. ಪಕ್ಕದಲ್ಲಿ ಕೂತ ವಾದ್ಯದವರು ಸಣ್ಣದೊಂದು ಓಲಗ, ಎರಡು ಡೋಲು, ಒಂದು ಜೊತೆ ತಾಳ ಹಿಡಿದು ನುಡಿಸಲು ಶುರು ಮಾಡಿದರು. ಕಾಳಗ ನಡೆಯುವಷ್ಟು ಹೊತ್ತೂ ಆ ವಾದ್ಯ ನಿಲ್ಲುವುದಿಲ್ಲ. ಮೂರು ಮೂರು ನಿಮಿಷದ ಐದು ಸುತ್ತು. ಮೊದಲೆರಡು ಸುತ್ತಿನಲ್ಲಿ ಕಾಳಗವೂ ನಿಧಾನ, ಓಲಗವೂ ನಿಧಾನ. ಮೂರನೆಯದರಲ್ಲಿ ಡೋಲು ಬಿರುಸಾಯಿತು, ಮೆಟ್ಟಿಲಿನ ಜನ ಎದ್ದು ನಿಂತರು.

ಆಗ ನನ್ನ ಸುತ್ತ ಕೈಗಳು ಮೇಲೆದ್ದವು. ಬೆರಳು ಮಡಚಿ, ಬೆರಳು ಬಿಚ್ಚಿ, ಅಂಗೈ ಮೇಲೆ ಕೆಳಗೆ ಮಾಡಿ ಒಬ್ಬರಿಗೊಬ್ಬರು ಸಂಜ್ಞೆ. ಬಾಜಿ ಕಟ್ಟುವವರು ಅವರು. ಚೀಟಿ ಇಲ್ಲ, ರಸೀದಿ ಇಲ್ಲ. ಇಪ್ಪತ್ತಡಿ ದೂರದ ಮನುಷ್ಯನ ಕಣ್ಣಲ್ಲಿ ಕಣ್ಣಿಟ್ಟು ತಲೆ ಆಡಿಸಿದರೆ ಮುಗಿಯಿತು, ಕೊನೆಯಲ್ಲಿ ದುಡ್ಡು ಕೈಗೆ ಬರುತ್ತದೆ. ಪ್ರತಿ ಮೊಣಕಾಲೇಟಿಗೂ ಆ ನೂರಾರು ಗಂಟಲು ಒಟ್ಟಿಗೆ “ಓಯ್!” ಅನ್ನುತ್ತಿದ್ದವು. ಏಟು ಬಿದ್ದ ಹುಡುಗ ಮುಖದಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ನೋವು ತೋರಿಸಿದರೆ ಅಂಕವೂ ಹೋಗುತ್ತದೆ, ಬಾಜಿಯ ದರವೂ ತಿರುಗುತ್ತದೆ. ಅಷ್ಟು ಚಿಕ್ಕ ಮಕ್ಕಳು ಅದನ್ನು ಕಲಿತಿರುವುದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅದನ್ನು ಇವತ್ತಿಗೂ ಸರಿ ಅನ್ನಲು ನನ್ನಿಂದ ಆಗುವುದಿಲ್ಲ.

ಮೂರನೆಯ ಜೋಡಿಗೂ ನಾಲ್ಕನೆಯದಕ್ಕೂ ನಡುವೆ ಸ್ವಲ್ಪ ಬಿಡುವು ಸಿಕ್ಕಿತು. ಬರಿದಾದ ರಿಂಗನ್ನು ನೋಡುತ್ತ ನಾನು 1982ನ್ನು ಅಲ್ಲಿ ಇಟ್ಟುಕೊಂಡೆ.

ಸಾಮಾತ್ ಪಯಾಕ್‌ಅರೂನ್. ಅವನ ಹೆಸರನ್ನು ಬಿಡಿಸಿದರೆ ಕನ್ನಡದವರಿಗೆ ಮೈ ಜುಮ್ಮೆನ್ನುತ್ತದೆ. ಸಾಮಾತ್ ಅಂದರೆ ಸಮರ್ಥ, ಪಯಾಕ್ ಅಂದರೆ ವ್ಯಾಘ್ರ, ಅರೂನ್ ಅಂದರೆ ಅರುಣ. ಬೆಳಗಿನ ಹುಲಿ. 1980, 81 ಎರಡೇ ವರ್ಷದಲ್ಲಿ ಬ್ಯಾಂಕಾಕಿನ ಇನ್ನೊಂದು ದೊಡ್ಡ ಕ್ರೀಡಾಂಗಣವಾದ ಲುಂಪಿನಿಯ ನಾಲ್ಕು ಬೇರೆ ಬೇರೆ ತೂಕದ ಪಟ್ಟ ಗೆದ್ದಿದ್ದ. ಎದುರಾಳಿಯ ಏಟು ಹೊರಡುವ ಮುನ್ನವೇ ಅವನಿಗೆ ಕಾಣುತ್ತಿತ್ತೇನೋ ಎನ್ನುವಂಥ ಕಣ್ಣು. ಮುಯ್ ಥಾಯ್ ಕಂಡ ಅತ್ಯಂತ ಚತುರ ಇವನೇ ಅನ್ನುವವರು ಇವತ್ತಿಗೂ ಬಹಳ. ಲುಂಪಿನಿಯ ಲೈಟ್‌ವೇಟ್ ಪಟ್ಟ ಡೀಸೆಲ್‌ನೊಯ್ ಕೈಯಲ್ಲಿತ್ತು. ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗರು. ಕೆಳಗಿನ ತೂಕಗಳಿಂದ ಮೇಲೇರಿ ಬಂದವನು ಸಾಮಾತ್.

ಆ ಐದು ಸುತ್ತು ನನಗೆ ಬಾಯಿಪಾಠ. ಸಾಮಾತ್ ಪಾದದಿಂದ ಹೊಟ್ಟೆಗೆ ದೂಡುತ್ತಾನೆ, ದೂರ ಇಡಲು ನೋಡುತ್ತಾನೆ. ಡೀಸೆಲ್‌ನೊಯ್ ಆ ಪಾದದ ಮೇಲೆಯೇ ನಡೆದು ಬರುತ್ತಾನೆ. ಅವಸರ ಇಲ್ಲ, ಸಿಟ್ಟಿಲ್ಲ. ಉದ್ದನೆಯ ಕೈ ಕತ್ತಿನ ಹಿಂದೆ ಕೂತಿತೆಂದರೆ ಮುಗಿಯಿತು, ಮೊಣಕಾಲು ಒಂದಾದ ಮೇಲೊಂದು. ಅಷ್ಟು ಬುದ್ಧಿವಂತನ ಬುದ್ಧಿಗೆ ಕೆಲಸ ಮಾಡಲು ಜಾಗವೇ ಉಳಿಯುವುದಿಲ್ಲ. ಐದು ಸುತ್ತು ಮುಗಿದಾಗ ತೀರ್ಪು ಡೀಸೆಲ್‌ನೊಯ್ ಕಡೆಗೆ ಬಂತು.

“ಅವತ್ತು ಗೆದ್ದಿದ್ದೇ ಅವನಿಗೆ ಕಷ್ಟ ಆಯ್ತು, ತಮ್ಮಾ” ಅಂದರು ಕ್ರೂ.

ನಾನು ಅವರ ಮುಖ ನೋಡಿದೆ. ಅವರು ಗಲ್ಲದಲ್ಲೇ ಮೆಟ್ಟಿಲಿನ ಜನರ ಕಡೆ ತೋರಿಸಿದರು. ಇವರು ಬಾಜಿ ಕಟ್ಟಬೇಕಾದರೆ ಇಬ್ಬರಲ್ಲಿ ಯಾರೂ ಗೆಲ್ಲಬಹುದು ಅನ್ನಿಸಬೇಕು. ಯಾರು ಗೆಲ್ಲುತ್ತಾರೆಂದು ಮೊದಲೇ ಎಲ್ಲರಿಗೂ ಗೊತ್ತಿದ್ದರೆ ಒಬ್ಬನ ಕೈಯೂ ಮೇಲೇಳುವುದಿಲ್ಲ. ಕೈ ಏಳದಿದ್ದರೆ ಜನ ಬರುವುದಿಲ್ಲ, ಜನ ಬರದಿದ್ದರೆ ಕಾಳಗ ಏರ್ಪಡಿಸುವವನು ಆ ಹೆಸರನ್ನು ಹಾಕುವುದಿಲ್ಲ. ಸಾಮಾತ್‌ನನ್ನೇ ಸೋಲಿಸಿದವನ ಎದುರು ಇನ್ನು ಯಾರನ್ನು ನಿಲ್ಲಿಸುವುದು? ಪಟ್ಟ ಸೊಂಟದಲ್ಲೇ ಇತ್ತು, ಅದಕ್ಕೆ ಕೈ ಹಾಕುವವರಿರಲಿಲ್ಲ. ನಾಲ್ಕು ವರ್ಷ ಸೋಲದೆ ಇಟ್ಟುಕೊಂಡ ಆ ಪಟ್ಟವನ್ನು 1985ರಲ್ಲಿ ಅವನು ಬಿಟ್ಟುಕೊಡಬೇಕಾಯಿತು, ಎದುರಾಳಿಗಳು ಮುಗಿದುಹೋಗಿದ್ದರು ಅನ್ನುವ ಒಂದೇ ಕಾರಣಕ್ಕೆ. ಇಪ್ಪತ್ತೈದು ತುಂಬುವ ಮೊದಲೇ ದೊಡ್ಡ ಕಾಳಗಗಳು ಅವನ ಪಾಲಿಗೆ ಮುಗಿದವು.

ಸೋತ ಸಾಮಾತ್‌ಗೆ ದಾರಿಗಳು ತೆರೆದುಕೊಂಡವು. ಮುಷ್ಟಿಯಿಂದಷ್ಟೇ ಹೊಡೆಯುವ ಬಾಕ್ಸಿಂಗಿಗೆ ಹೋದ. 1986ರ ಜನವರಿ 18ರಂದು ಬ್ಯಾಂಕಾಕಿನಲ್ಲೇ ಮೆಕ್ಸಿಕೋದ ಲೂಪೆ ಪಿಂಟೋರ್‌ನನ್ನು ಐದನೇ ಸುತ್ತಿನಲ್ಲಿ ಕೆಡವಿ ವಿಶ್ವ ಪಟ್ಟ ಗೆದ್ದ, ಮುಂದಿನ ವರ್ಷ ಸಿಡ್ನಿಯಲ್ಲಿ ಜೆಫ್ ಫೆನೆಕ್‌ಗೆ ಅದನ್ನು ಕಳೆದುಕೊಂಡ. ಮತ್ತೆ ಮುಯ್ ಥಾಯ್‌ಗೆ ಬಂದ, ಹಾಡು ಹಾಡಿದ, ನಟಿಸಿದ. ಅದೆಲ್ಲ ಅವನ ಯೋಗ್ಯತೆಗೆ ಸಂದದ್ದೇ. ಆದರೆ ಆ ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ನನ್ನ ಮನಸ್ಸು ಇನ್ನೊಬ್ಬನ ಹತ್ತಿರವೇ ನಿಂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಎದ್ದು ಓಡಿ, ಸಂಜೆ ಚೀಲಕ್ಕೆ ಮೊಣಕಾಲು ಹೊಡೆದು, ಮೈ ಹುರಿಗಟ್ಟಿಸಿಕೊಂಡು, ‘ಈ ತಿಂಗಳೂ ಯಾರೂ ಸಿಗಲಿಲ್ಲ’ ಅನ್ನುವ ಮಾತು ಕೇಳಿ ಮಲಗುವುದು ಹೇಗಿರುತ್ತದೆ?

ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಬೇರೆ ಮನೆಯಲ್ಲಿ ಅಲ್ಲ, ನಮ್ಮ ಮನೆಯಲ್ಲೇ.

ನಮ್ಮ ಕಡೆ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವುದು’ ಅಂತ ಒಂದು ದಿನ ಇರುತ್ತದೆ. ಮೈಸೂರು ದಸರಾ ಕುಸ್ತಿಗೂ ಕಟ್ಟುತ್ತಾರೆ. ಪೈಲ್ವಾನರು ಮೈ ಬಿಟ್ಟು ನಿಲ್ಲುತ್ತಾರೆ, ಉಸ್ತಾದರು ಅಳೆದು ನೋಡಿ ಇವನಿಗೆ ಇವನು ಅಂತ ಒಪ್ಪಿ ಕೈ ಕುಲುಕಿಸುತ್ತಾರೆ. ಅಪ್ಪ ಆಗ ಗಟ್ಟಿ ಪೈಲ್ವಾನ. ಒಂದು ಜಾತ್ರೆ ಕುಸ್ತಿಯಲ್ಲಿ ದೊಡ್ಡ ಹೆಸರಿನವರೊಬ್ಬರನ್ನು ನಾಲ್ಕೇ ನಿಮಿಷದಲ್ಲಿ ಚಿತ್ ಮಾಡಿದ್ದರು. ಮುಂದಿನ ವರ್ಷ ಅದೇ ಜಾತ್ರೆಗೆ ಜೋಡಿ ಕಟ್ಟುವ ದಿನ ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತರು. ಯಾವ ಉಸ್ತಾದರೂ ತಮ್ಮ ಹುಡುಗನ ಕೈಯನ್ನು ಅಪ್ಪನ ಕೈಗೆ ಕೊಡಲು ಒಪ್ಪಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ. ಆಮೇಲೆ ಮದುವೆ, ಕಾರ್ಖಾನೆ ಕೆಲಸ, ನಾವು. ಅಮ್ಮ ಇದನ್ನು ಹೇಳಿದ್ದೇ ಹೊರತು ಅಪ್ಪನ ಬಾಯಲ್ಲಿ ನಾನು ಈ ಮಾತು ಕೇಳಿದ್ದಿಲ್ಲ.

ಕೊನೆಯ ಜೋಡಿ ಮುಗಿಯುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಹೊರಗೆ ಬಂದು, ಕ್ರೂ ಸುಟ್ಟ ಕೋಳಿ ಮತ್ತು ಅಂಟನ್ನ ತರಲು ಹೋದಾಗ, ಪಾದಚಾರಿ ದಾರಿಯ ಮೇಲೆ ನಿಂತೇ ಮನೆಗೆ ಫೋನ್ ಮಾಡಿದೆ. ಊರಲ್ಲಿ ಆಗ ಒಂಬತ್ತರ ಹತ್ತಿರ. ಅಪ್ಪ ಊಟ ಮುಗಿಸಿ ಕೂತಿದ್ದರು. ಡೀಸೆಲ್‌ನೊಯ್ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ನಡುವೆ ಒಂದು ಸಲವೂ ಅವರು ಮಾತಾಡಲಿಲ್ಲ. ಹೇಳಬಾರದಿತ್ತೇನೋ ಅಂತ ಭಯವಾಯಿತು.

“ಎಷ್ಟು ಎತ್ತರ ಅಂದೆ?” ಅಪ್ಪ ಕೇಳಿದರು.

“ಆರಡಿ ಎರಡಿಂಚು.”

“ತೂಕ?”

“ಅರವತ್ತೊಂದು ಕೆಜಿ.”

“ಸೋತಿದ್ನಲ್ಲ ಆ ಹುಡುಗ, ಅವನು ಕತ್ತು ಬಿಡಿಸ್ಕೊಳೋಕೇ ನೋಡ್ತಿದ್ನಾ?”

“ಹೂಂ ಅಪ್ಪಾ. ದೂರ ಹೋಗೋಕೆ ನೋಡ್ತಿದ್ದ.”

“ಅಲ್ಲೇ ತಪ್ಪಿದ್ದು. ಅಷ್ಟುದ್ದ ಕೈಯೋನಿಂದ ದೂರ ಹೋಗಬಾರ್ದು ಕಣ್ಮಗ, ಒಳಕ್ಕೆ ನುಗ್ಗಬೇಕು. ಅವನು ಮಂಡಿ ಎತ್ತಿದಾಗ ಒಂಟಿ ಕಾಲಲ್ಲಿ ನಿಂತಿರ್ತಾನೆ, ಹೌದೋ ಅಲ್ವೋ? ಎದೆಗೆ ಎದೆ ಕೊಟ್ಟು ಆ ನಿಂತ ಕಾಲಿಗೆ ಕಾಲು ಹಾಕಬೇಕು. ಅವರಲ್ಲಿ ಅಡ್ಡಗಾಲು ಹಾಕೋಕೆ ಬಿಡ್ತಾರಾ?”

“ಗುಡಿಸಿ ಹೊಡೆದು ಬೀಳಿಸಬಹುದು.”

ಆ ಕಡೆ ಕುರ್ಚಿ ಸರಿಸಿದ ಸದ್ದು. ಅಪ್ಪ ಎದ್ದು ನಿಂತಿದ್ದರು. “ಏನ್ರೀ ಇದು ಈ ಹೊತ್ನಲ್ಲಿ?” ಅಂತ ಅಮ್ಮ ಒಳಗಿನಿಂದ ಕೇಳುತ್ತಿದ್ದದ್ದು ನನಗೂ ಕೇಳಿಸಿತು.

“ಇರೇ ಸುಮ್ನೆ” ಅಂದರು ಅಪ್ಪ. ಆಮೇಲೆ ನನಗೆ: “ಆ ವಿಡಿಯೋ ಇನ್ನೊಂದ್ಸಲ ನೋಡು. ಅವನು ಮೊದಲು ಯಾವ ಕಾಲು ಎತ್ತುತಾನೆ, ಎಡದ್ದೋ ಬಲದ್ದೋ, ನೋಡಿ ನಾಳೆ ಬೆಳಿಗ್ಗೆ ಹೇಳು.”