ಬಟವಾಡೆಯ ಸಂಜೆ

ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಹೋದವರು ಮೊದಲ ಬಟವಾಡೆಯ ಸಂಜೆಯೇ ಕುಡಿದು ಬಂದರೆ, "ಮನಸ್ಸೇ ಗಟ್ಟಿ ಇಲ್ಲ" ಎಂದು ಮನೆಯವರು ಕೈಚೆಲ್ಲುತ್ತಾರೆ. ಆಪ್ತಸಮಾಲೋಚಕಿಯಾದ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕುಡಿತದ ಸೆಳೆತ ಕಾದು ಕೂತಿರುವುದು ಶನಿವಾರದ ಕೂಲಿಯಲ್ಲಿ, ಬಾರಿನ ಪಕ್ಕದ ಆಮ್ಲೆಟ್ ಗಾಡಿಯ ವಾಸನೆಯಲ್ಲಿ, "ಬಾರಣ್ಣ" ಎನ್ನುವ ಗೆಳೆಯನ ದನಿಯಲ್ಲಿ.

ಅದಕ್ಕೇ ನಾವು ಸೆಳೆತವನ್ನು ಎದುರಿಗೇ ತಂದು ಕೂರಿಸುತ್ತೇವೆ, ಕುಡಿಯದೆಯೂ ಅದು ಏರಿ ತಾನೇ ಇಳಿಯುತ್ತದೆ ಎಂದು ಮೈ ಕಲಿಯಲಿ ಎಂದು. ಗಾರೆ ಮೇಸ್ತ್ರಿಯೊಬ್ಬರ ಮುಂದೆ 90 ಎಂ.ಎಲ್.ನ ವಿಸ್ಕಿ ಪ್ಯಾಕೆಟ್ ಇಟ್ಟಾಗ ಅವರ ಹೆಂಡತಿ ಸಿಡಿದರು: "ಬಿಡಿಸಿ ಎಂದರೆ ನೀವೇ ತಂದಿಡುತ್ತೀರಲ್ಲ ಮೇಡಂ!" ಮೇಸ್ತ್ರಿ ಮೂಲೆ ಕತ್ತರಿಸಿ ಲೋಟಕ್ಕೆ ಸುರಿದರು. ವಾಸನೆ ಬಡಿದದ್ದೇ ಗಂಟಲು ಏರಿಳಿಯಿತು, ಬೆರಳುಗಳು ಲೋಟದ ಸುತ್ತ ಬಿಗಿದವು. ಹತ್ತಕ್ಕೆ ಎಷ್ಟು ಆಸೆ ಎಂದು ಕೇಳಿದೆ. "ಒಂಬತ್ತು." ತಡೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬಾಯಲ್ಲಿ, ಎದೆಯಲ್ಲಿ ಏನಾಗುತ್ತಿದೆ ಎಂದು ಹೇಳುತ್ತಾ ಹೋಗಿ ಎನ್ನುತ್ತೇನೆ. ಏಳಕ್ಕೆ ಇಳಿಯಿತು, ಮತ್ತೆ ಎಂಟಕ್ಕೇರಿತು, ಅರ್ಧ ಗಂಟೆಯ ಹೊತ್ತಿಗೆ ನಾಲ್ಕು. ಲೋಟವನ್ನು ಅವರೇ ಸಿಂಕಿಗೆ ಸುರಿದರು.

1940ರ ದಶಕದಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಆಸ್ಪತ್ರೆಯ ವೈದ್ಯ ಅಬ್ರಹಾಂ ವಿಕ್ಲರ್ ಒಂದು ಸಂಗತಿ ಗಮನಿಸಿದ್ದರು. ತಿಂಗಳುಗಟ್ಟಲೆ ಮಾದಕವಸ್ತು ಮುಟ್ಟದ ರೋಗಿಗಳು ಅದರ ಮಾತೆತ್ತಿದರೆ ಸಾಕು ಆಕಳಿಸುತ್ತಿದ್ದರು, ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ರಕ್ತದಿಂದ ಹೋದದ್ದು ಮೈಯ ನೆನಪಿನಿಂದ ಹೋಗಿರಲಿಲ್ಲ.

ಹಾಗೆಂದು ಕೇಂದ್ರದ ಕೋಣೆಯಲ್ಲಿ ಲೋಟ ಹಿಡಿಸಿದರೆ ಮುಗಿಯಿತೇ? ಇಲ್ಲ. 2002ರಲ್ಲಿ ಸಂಶೋಧಕರಾದ ಕಾಂಕ್ಲಿನ್ ಮತ್ತು ಟಿಫನಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಈ ಚಿಕಿತ್ಸೆಯ ಪರವಾಗಿ ಗಟ್ಟಿ ಪುರಾವೆ ಸಿಗಲಿಲ್ಲ. ಮನಃಶಾಸ್ತ್ರಜ್ಞ ಮಾರ್ಕ್ ಬೌಟನ್ ಅವರ ಇಲಿಗಳ ಪ್ರಯೋಗಗಳು ಇದಕ್ಕೊಂದು ಕಾರಣ ತೋರಿಸುತ್ತವೆ: ಒಂದು ಗೂಡಿನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಮರೆಸಿ, ಮತ್ತೆ ಹಳೆಯ ಗೂಡಿಗೆ ಬಿಟ್ಟರೆ ಹಳೆಯ ವರ್ತನೆ ಮರಳುತ್ತದೆ. ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ, ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ.

ಆದ್ದರಿಂದ ಒಂದು ಶನಿವಾರ ಸಂಜೆ ಮೇಸ್ತ್ರಿ, ಅವರ ಅಣ್ಣ ಮತ್ತು ನಾನು ಬಾರಿನ ಎದುರಿನ ಚಹಾದಂಗಡಿಯಲ್ಲಿ ನಿಂತೆವು. ಕೇಂದ್ರದಲ್ಲಿ ಆಮೇಲಿನ ಸಲಗಳಲ್ಲಿ ಎರಡಕ್ಕೆ ಬಂದಿದ್ದ ಆಸೆ ಅಲ್ಲಿ ಒಂಬತ್ತಕ್ಕೆ ನೆಗೆಯಿತು. ಅಣ್ಣ ಮುಖ ಸಣ್ಣದು ಮಾಡಿಕೊಂಡರು. ನನಗೆ ಬೇಕಿದ್ದದ್ದು ಆಸೆಯ ಆ ನೆಗೆತವೇ. ಅಲ್ಲೇ ನಿಂತು ಇಳಿಯುವವರೆಗೆ ಕಾದೆವು. "ಒಂದೇ ಒಂದು ನೈಂಟಿ" ಎಂದು ಕರೆದ ಗೆಳೆಯನಿಗೆ ಮೇಸ್ತ್ರಿ, ಮೊದಲೇ ಅಭ್ಯಾಸ ಮಾಡಿಕೊಂಡಿದ್ದಂತೆ, "ಇಲ್ಲಪ್ಪ, ಬಿಟ್ಟಿದ್ದೇನೆ" ಎಂದರು. ದನಿ ನಡುಗಿತು, ಆದರೂ ಹೇಳಿದರು.

ದಯವಿಟ್ಟು ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವಕ್ಕೇ ಅಪಾಯ. ಮೊದಲು ವೈದ್ಯರು, ಔಷಧಿ. ಲೋಟದ ಮಾತು ಆಮೇಲೆ. ಮೇಸ್ತ್ರಿಯ ಊರಿನಲ್ಲಿ ಮುಂದಿನ ತಿಂಗಳು ಜಾತ್ರೆ. ಅದಕ್ಕೆ ಮೊದಲು ಕೇಂದ್ರಕ್ಕೊಮ್ಮೆ ಬಂದು ಹೋಗಲು ಹೇಳಿದ್ದೇನೆ.